1948ರ ಬೇಸಿಗೆ: ಫಿನ್ಲೆಂಡಿನ ಚುನಾವಣೆ ತೀರ್ಮಾನಿಸಿದ್ದೇನು?

1948ರಲ್ಲಿ ಯುರೋಪಿನಲ್ಲಿ ನಡೆದ ಚುನಾವಣೆಗಳಲ್ಲಿ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಮಾರ್ಚ್ 28ರಂದು ರುಮೇನಿಯಾದಲ್ಲಿ ಕಮ್ಯುನಿಸ್ಟರ ನೇತೃತ್ವದ ಕೂಟ 414 ಸ್ಥಾನಗಳಲ್ಲಿ 405ನ್ನು ಗೆದ್ದಿತು. ಏಪ್ರಿಲ್ 18ರಂದು ಇಟಲಿಯಲ್ಲಿ ಕಮ್ಯುನಿಸ್ಟರು ಮತ್ತು ಸಮಾಜವಾದಿಗಳ ಜಂಟಿ ರಂಗ ಸೋತಿತು. ಮೇ 30ರಂದು ಜೆಕೊಸ್ಲೊವಾಕಿಯಾದ ಮತದಾರರ ಮುಂದೆ ಇದ್ದದ್ದು ಒಂದೇ ಪಟ್ಟಿ. ಜುಲೈ 1 ಮತ್ತು 2ರಂದು ಫಿನ್ಲೆಂಡಿನ ಜನ ಮತ ಹಾಕಿದರು.

ಈ ನಾಲ್ಕನೆಯದನ್ನು ಯಾವ ಸಾಲಿಗೆ ಸೇರಿಸುವುದೆಂದು ಇತಿಹಾಸಕಾರರು ಏಳು ದಶಕಗಳಿಂದ ಚರ್ಚಿಸುತ್ತಲೇ ಇದ್ದಾರೆ. ಫಿನ್ಲೆಂಡ್ ಸುಮಾರು 40 ಲಕ್ಷ ಜನರ ಸಣ್ಣ ದೇಶ. ಸೋವಿಯತ್ ಒಕ್ಕೂಟದೊಂದಿಗೆ ಸುಮಾರು 1,300 ಕಿಲೋಮೀಟರ್ ಗಡಿ. ಅದೇ ಒಕ್ಕೂಟದ ವಿರುದ್ಧ ಎರಡು ಯುದ್ಧ ಮಾಡಿ ಸೋತಿತ್ತು. ಚುನಾವಣೆಗೆ ಕೆಲವೇ ವಾರಗಳ ಹಿಂದಿನವರೆಗೂ ಅದರ ಒಳಾಡಳಿತ ಸಚಿವ ಕಮ್ಯುನಿಸ್ಟನಾಗಿದ್ದ; ರಹಸ್ಯ ಪೊಲೀಸ್ ದಳ ಅವನ ಪಕ್ಷದ ಹಿಡಿತದಲ್ಲಿತ್ತು. ಇಷ್ಟಿದ್ದೂ ಜನ ಹಾಕಿದ ಮತವನ್ನೇ ಎಣಿಸಲಾಯಿತು. ಕಮ್ಯುನಿಸ್ಟರು ಹನ್ನೊಂದು ಸ್ಥಾನ ಕಳೆದುಕೊಂಡು ಸರ್ಕಾರದಿಂದ ಹೊರಬಿದ್ದರು. ಗಡಿಯಾಚೆಯಿಂದ ಟ್ಯಾಂಕುಗಳು ಬರಲಿಲ್ಲ. ಹೀಗಾದದ್ದು ಹೇಗೆ?

ಸೋತರೂ ಕೈತಪ್ಪದ ರಾಜ್ಯ

1939–40ರ ಚಳಿಗಾಲದ ಯುದ್ಧದಲ್ಲಿ ಫಿನ್ಲೆಂಡ್ ನೆಲ ಕಳೆದುಕೊಂಡಿತು. ಅದನ್ನು ಮರಳಿ ಪಡೆಯಲು 1941ರಲ್ಲಿ ಜರ್ಮನಿಯ ಜೊತೆಗೂಡಿ ಮತ್ತೆ ಹೋರಾಡಿತು. 1944ರ ಬೇಸಿಗೆಯಲ್ಲಿ ಕರೇಲಿಯಾದ ಕಡೆಯಿಂದ ಬಂದ ಕೆಂಪು ಸೇನೆಯ ಭಾರೀ ದಾಳಿಯನ್ನು ತಾಲಿ-ಇಹಂತಲಾದಲ್ಲಿ ತಡೆದು ನಿಲ್ಲಿಸಿದ ಮೇಲೆ, ಸೆಪ್ಟೆಂಬರ್ 19ರಂದು ಮಾಸ್ಕೋದಲ್ಲಿ ಕದನವಿರಾಮಕ್ಕೆ ಸಹಿ ಹಾಕಿತು. ಷರತ್ತುಗಳು ಕಠಿಣವಾಗಿದ್ದವು. ಕರೇಲಿಯಾ ಹೋಯಿತು, ಅಲ್ಲಿಂದ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ನೆಲೆ ಒದಗಿಸಬೇಕಾಯಿತು. ಉತ್ತರದ ಪೆಟ್ಸಾಮೊ ಹೋಯಿತು. ಹೆಲ್ಸಿಂಕಿಯ ಪಕ್ಕದಲ್ಲೇ ಇರುವ ಪೊರ್ಕ್ಕಲಾ ಸೋವಿಯತ್ ನೌಕಾನೆಲೆಯಾಯಿತು. 30 ಕೋಟಿ ಡಾಲರ್ ಯುದ್ಧ ಪರಿಹಾರವನ್ನು ಹಡಗು, ಯಂತ್ರ, ಮರದ ಸರಕುಗಳ ರೂಪದಲ್ಲಿ ತೆರಬೇಕಿತ್ತು.

ಆದರೆ ದೇಶವನ್ನು ಕೆಂಪು ಸೇನೆ ವಶಪಡಿಸಿಕೊಳ್ಳಲಿಲ್ಲ. ಮುಂದಿನ ಎಲ್ಲ ವಾದಗಳೂ ಈ ಒಂದು ಸಂಗತಿಯ ಸುತ್ತಲೇ ತಿರುಗುತ್ತವೆ. ಆಂದ್ರೇಯ್ ಜ್ದಾನೊವ್ ಮುಖ್ಯಸ್ಥನಾಗಿದ್ದ ಮಿತ್ರರಾಷ್ಟ್ರಗಳ ನಿಯಂತ್ರಣ ಆಯೋಗ ಹೆಲ್ಸಿಂಕಿಯ ಟೋರ್ನಿ ಹೋಟೆಲಿನಲ್ಲಿ ಬೀಡುಬಿಟ್ಟು 1947ರ ಶರತ್ಕಾಲದವರೆಗೆ ಕಣ್ಣಿಟ್ಟಿತ್ತು ನಿಜ. ಆದರೂ ಸಂಸತ್ತು, ನ್ಯಾಯಾಲಯ, ಸೇನೆ, ಪುರಸಭೆಗಳು ತಮ್ಮ ಹಳೆಯ ಕಾನೂನಿನಲ್ಲೇ ಕೆಲಸ ಮಾಡುತ್ತಿದ್ದವು. ಹೆಂಗಸರೂ ಸೇರಿದಂತೆ ಎಲ್ಲ ವಯಸ್ಕರಿಗೆ 1906ರಲ್ಲೇ ಮತದಾನದ ಹಕ್ಕು ಕೊಟ್ಟಿದ್ದ ದೇಶ ಅದು; 200 ಸದಸ್ಯರ ಏಕಸದನ ಆ ಕಾಲದಿಂದಲೂ ಇತ್ತು.

ಹಳೆಯ ಗಾಯವೂ ಒಂದಿತ್ತು. 1918ರ ಅಂತರ್ಯುದ್ಧದಲ್ಲಿ ಬಲಪಂಥೀಯ ‘ಬಿಳಿ’ ಪಡೆ ಎಡಪಂಥೀಯ ‘ಕೆಂಪು’ ಪಡೆಯನ್ನು ಸೋಲಿಸಿತ್ತು. ಸೋತವರಲ್ಲಿ ಸಾವಿರಾರು ಮಂದಿ ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಂದ ಸತ್ತರು. ಅದೇ ವರ್ಷ ಮಾಸ್ಕೋದಲ್ಲಿ ಹುಟ್ಟಿದ ಫಿನ್ನಿಶ್ ಕಮ್ಯುನಿಸ್ಟ್ ಪಕ್ಷ 1944ರವರೆಗೆ ಸ್ವದೇಶದಲ್ಲಿ ನಿಷಿದ್ಧವಾಗಿತ್ತು. ಕದನವಿರಾಮದ ನಂತರ ಅದು ಬಯಲಿಗೆ ಬಂದು, ಎಡ ಸಮಾಜವಾದಿಗಳನ್ನೂ ಸೇರಿಸಿಕೊಂಡು ಜನತಾ ಪ್ರಜಾಸತ್ತಾತ್ಮಕ ಲೀಗ್ ಎಂಬ ಕೂಟ ಕಟ್ಟಿತು. 1945ರ ಮಾರ್ಚ್ ಚುನಾವಣೆಯಲ್ಲಿ ಲೀಗಿಗೆ 49, ಸೋಷಿಯಲ್ ಡೆಮಾಕ್ರಟರಿಗೆ 50, ಕೃಷಿಕ ಲೀಗಿಗೆ 49 ಸ್ಥಾನ ಬಂದವು. ಮೂವರೂ ಸೇರಿ ಸರ್ಕಾರ ನಡೆಸಿದರು. ಗೊಂದಲ ತಪ್ಪಿಸಲು ಇಲ್ಲಿಂದ ಮುಂದೆ ಬರಿಯ ‘ಲೀಗ್’ ಎಂದಲ್ಲೆಲ್ಲ ಕಮ್ಯುನಿಸ್ಟ್ ಕೂಟವೆಂದೇ ತಿಳಿಯಬೇಕು.

ಫೆಬ್ರುವರಿಯಿಂದ ಜೂನ್‌ವರೆಗೆ

1948ರ ಫೆಬ್ರುವರಿ 22ರ ದಿನಾಂಕದ ಪತ್ರದಲ್ಲಿ ಸ್ಟಾಲಿನ್ ಅಧ್ಯಕ್ಷ ಯುಹೊ ಕುಸ್ತಿ ಪಾಸಿಕಿವಿಯವರ ಮುಂದೆ ಒಂದು ಪ್ರಸ್ತಾಪ ಇಟ್ಟ. ಹಂಗೆರಿ, ರುಮೇನಿಯಾಗಳ ಜೊತೆ ಮಾಡಿಕೊಂಡಂಥ ಸ್ನೇಹ ಮತ್ತು ಪರಸ್ಪರ ನೆರವಿನ ಒಪ್ಪಂದ ಆಗಲಿ ಎಂದು. ಮೂರೇ ದಿನಗಳಲ್ಲಿ ಪ್ರಾಗ್ ನಗರದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಎರಡೂ ಸುದ್ದಿ ಒಟ್ಟಿಗೆ ಕೇಳಿದ ಹೆಲ್ಸಿಂಕಿಗೆ ಮುಂದಿನ ಸರದಿ ತನ್ನದೇ ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಾರ್ಚಿನಲ್ಲಿ ಲೀಗಿನ ನಾಯಕಿ ಹೆರ್ತಾ ಕೂಸಿನೆನ್ ಜೆಕೊಸ್ಲೊವಾಕಿಯಾದ ಹಾದಿಯೇ ನಮ್ಮ ಹಾದಿ ಎಂಬ ಅರ್ಥದ ಭಾಷಣ ಮಾಡಿದಾಗ ಆ ಭಯಕ್ಕೆ ದನಿ ಸಿಕ್ಕಿತು. ಆಕೆ 1939ರಲ್ಲಿ ಸ್ಟಾಲಿನ್ ನೇಮಿಸಿದ್ದ ತೆರಿಯೋಕಿಯ ಬೊಂಬೆ ಸರ್ಕಾರದ ಮುಖ್ಯಸ್ಥ ಓಟ್ಟೊ ವಿಲ್ಲೆ ಕೂಸಿನೆನ್‌ನ ಮಗಳು.

ಅದೇ ತಿಂಗಳು ಒಳಾಡಳಿತ ಸಚಿವ ಯುರ್ಯೊ ಲೆಯ್ನೊ ಸೇನಾ ಮುಖ್ಯಸ್ಥ ಜನರಲ್ ಆರ್ನೆ ಸಿಹ್ವೊ ಅವರನ್ನು ಕಂಡು ಎಚ್ಚರದಿಂದಿರುವಂತೆ ಹೇಳಿದ. ಲೆಯ್ನೊ ಕಮ್ಯುನಿಸ್ಟ್, ಹೆರ್ತಾಳ ಗಂಡ. ತನ್ನ ಪಕ್ಷದ ಕಡೆಯಿಂದಲೇ ಅಪಾಯ ಬರಬಹುದೆಂಬ ಸೂಚನೆಯನ್ನು ಅವನೇ ಕೊಟ್ಟಂತಾಯಿತು. ಏಪ್ರಿಲ್ 6ರಂದು ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಅದು ಹಂಗೆರಿಯ ನಕಲಾಗಿರಲಿಲ್ಲ. ಜರ್ಮನಿಯೋ ಅದರ ಮಿತ್ರರೋ ಫಿನ್ಲೆಂಡಿನ ಮೂಲಕ ದಾಳಿ ಮಾಡಿದರೆ ಫಿನ್ಲೆಂಡ್ ತನ್ನ ನೆಲವನ್ನು ತಾನು ಕಾಯುವುದು, ಬೇಕಾದಲ್ಲಿ ಇಬ್ಬರೂ ಸಮಾಲೋಚಿಸಿ ನೆರವು ಪಡೆಯುವುದು, ಇಷ್ಟೇ. ಮಹಾಶಕ್ತಿಗಳ ಜಗಳದಿಂದ ದೂರವಿರುವ ಫಿನ್ಲೆಂಡಿನ ಬಯಕೆಯನ್ನೂ ಅದರ ಪೀಠಿಕೆ ಗುರುತಿಸಿತು.

ಏಪ್ರಿಲ್ ಕೊನೆಯಲ್ಲಿ ಕ್ಷಿಪ್ರಕ್ರಾಂತಿಯ ಗುಲ್ಲು ಹೆಚ್ಚಿತು. ಪಾಸಿಕಿವಿ ಸೇನೆ ಮತ್ತು ಪೊಲೀಸರನ್ನು ಸನ್ನದ್ಧವಾಗಿರಿಸಿದರು. ಅಧ್ಯಕ್ಷರ ಅರಮನೆಯೆದುರಿನ ಬಂದರಿಗೆ ಯುದ್ಧನೌಕೆ ಬಂತು. ಏನೂ ಆಗಲಿಲ್ಲ. ಮೇ 19ರಂದು ಸಂಸತ್ತು ಲೆಯ್ನೊ ವಿರುದ್ಧ ಅವಿಶ್ವಾಸ ಸೂಚಿಸಿತು. 1945ರಲ್ಲಿ ಇಪ್ಪತ್ತು ಮಂದಿಯನ್ನು ಹಿಡಿಸಿ, ವಿಚಾರಣೆಯಿಲ್ಲದೆ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿದ್ದನೆಂಬುದು ಅವನ ಮೇಲಿದ್ದ ಆರೋಪ. ಅವರಲ್ಲಿ ಫಿನ್ನಿಶ್ ನಾಗರಿಕರೂ ಇದ್ದರು. ಅವನು ರಾಜೀನಾಮೆ ಕೊಡದಿದ್ದಾಗ ಪಾಸಿಕಿವಿ ಅವನನ್ನು ಹುದ್ದೆಯಿಂದ ಇಳಿಸಿದರು. ಕಮ್ಯುನಿಸ್ಟರು ಮುಷ್ಕರ ಹೂಡಿದರು. ಲೀಗಿನ ಸಮಾಜವಾದಿ ಎಯ್ನೊ ಕಿಲ್ಪಿಗೆ ಒಳಾಡಳಿತವನ್ನೂ ಹೆರ್ತಾಗೆ ಖಾತೆಯಿಲ್ಲದ ಸಚಿವ ಸ್ಥಾನವನ್ನೂ ಕೊಟ್ಟ ಮೇಲೆ ಮುಷ್ಕರ ತಣ್ಣಗಾಯಿತು. ಜೂನ್ ಆರಂಭದಲ್ಲಿ, ಮತದಾನಕ್ಕೆ ಒಂದು ತಿಂಗಳಿರುವಾಗ, ಮಾಸ್ಕೋ ಉಳಿದ ಯುದ್ಧ ಪರಿಹಾರದಲ್ಲಿ ಅರ್ಧವನ್ನು ಮನ್ನಾ ಮಾಡಿತು. ಅದರ ಶ್ರೇಯ ತನ್ನದೆಂದು ಲೀಗ್ ಸಾರಿತು.

ಅಂಕಿಗಳು ಹೇಳುವುದು

ಫಲಿತಾಂಶ ಹೀಗಿತ್ತು: ಕೃಷಿಕ ಲೀಗ್ 56, ಸೋಷಿಯಲ್ ಡೆಮಾಕ್ರಟರು 54, ಕಮ್ಯುನಿಸ್ಟ್ ಲೀಗ್ 38, ಬಲಪಂಥೀಯ ರಾಷ್ಟ್ರೀಯ ಕೂಟ 33, ಸ್ವೀಡಿಶ್ ಭಾಷಿಕರ ಪಕ್ಷ 14, ಉದಾರವಾದಿ ಪ್ರಗತಿಪರರು 5.

ಸ್ಥಾನಗಳನ್ನಷ್ಟೇ ನೋಡಿದರೆ ಇದು ಕುಸಿತ. ಮತಗಳನ್ನು ನೋಡಿದರೆ ಚಿತ್ರ ಬೇರೆ. ಲೀಗಿಗೆ 1945ರಲ್ಲಿ ಸುಮಾರು 4 ಲಕ್ಷ ಮತ ಬಂದಿದ್ದವು. 1948ರಲ್ಲಿ ಸುಮಾರು 3.75 ಲಕ್ಷ. ಇಳಿದದ್ದು ಕಾಲು ಲಕ್ಷದಷ್ಟು. ಇದೇ ಅವಧಿಯಲ್ಲಿ ಒಟ್ಟು ಮತ ಸುಮಾರು 17 ಲಕ್ಷದಿಂದ 18.8 ಲಕ್ಷಕ್ಕೆ ಏರಿತು. ಮತದಾನದ ಪ್ರಮಾಣ ಶೇ 75ರಿಂದ ಶೇ 78ಕ್ಕೆ ಹೋಯಿತು. ಹಾಗಾಗಿ ಲೀಗಿನ ಪಾಲು ಶೇ 23.5ರಿಂದ ಶೇ 20ಕ್ಕೆ ಇಳಿಯಿತು. ಸ್ಥಾನ ಹಂಚಿಕೆಯ ಲೆಕ್ಕವೂ ಮೊದಲ ಸಲ ಅದಕ್ಕೆ ತುಸು ಅನುಕೂಲವಾಗಿತ್ತು, ಎರಡನೆಯ ಸಲ ತುಸು ಪ್ರತಿಕೂಲವಾಯಿತು: ಮೊದಲು ಶೇ 24.5 ಸ್ಥಾನ, ಆಮೇಲೆ ಶೇ 19. ಅಂದರೆ ಕಮ್ಯುನಿಸ್ಟ್ ಮತದಾರರು ಬಹುಮಟ್ಟಿಗೆ ತಮ್ಮ ಪಕ್ಷ ಬಿಡಲಿಲ್ಲ. ಉಳಿದವರು ಹೆಚ್ಚಿನ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು. ‘ಜನ ಕಮ್ಯುನಿಸಮ್ಮನ್ನು ತಿರಸ್ಕರಿಸಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಬರಹಗಳು ಇದನ್ನು ಗಮನಿಸುವುದಿಲ್ಲ. ಪ್ರತಿ ಐವರಲ್ಲಿ ಒಬ್ಬ ಆ ಬೇಸಿಗೆಯಲ್ಲೂ ಅವರಿಗೇ ಮತ ಹಾಕಿದ್ದ.

ಕೂದಲೆಳೆಯಲ್ಲಿ ತಪ್ಪಿದ ಕ್ರಾಂತಿ ಎಂಬ ವಾದ

ಮೊದಲು ಬಂದ ವಿವರಣೆ ಅಪಾಯದ್ದು. ಲೌರಿ ಹ್ಯುವಮಾಕಿಯವರ ‘ವಾರನ್ ವುವೊದೆತ್’ ಎಂಬ 1954ರ ಪುಸ್ತಕ 1944–48ರ ಅವಧಿಗೆ ‘ಅಪಾಯದ ವರ್ಷಗಳು’ ಎಂಬ ಹೆಸರನ್ನೇ ಉಳಿಸಿಹೋಯಿತು. ಅಮೆರಿಕದ ಹಾನ್ಸ್ ಪೀಟರ್ ಕ್ರಾಸ್ಬಿ 1960ರಲ್ಲಿ ಬರೆದ ಲೇಖನ 1948ರ ಘಟನೆಗಳನ್ನು ಕಮ್ಯುನಿಸ್ಟರು ಅಧಿಕಾರಕ್ಕೆ ಕೈಹಾಕಿದ ಯತ್ನವೆಂದೇ ಓದುತ್ತದೆ. ಈ ಪಂಥದ ಪ್ರಕಾರ ಸಂಚು ಇತ್ತು. ಲೆಯ್ನೊನ ಎಚ್ಚರಿಕೆ, ಪಾಸಿಕಿವಿಯ ಸಿದ್ಧತೆ, ಸೇನೆಯ ನಿಷ್ಠೆ ಅದನ್ನು ಮುರಿದವು. ಜುಲೈ ಚುನಾವಣೆ ಅದಕ್ಕೆ ಮುದ್ರೆಯೊತ್ತಿತು.

ಈ ವಾದ ಆ ವಸಂತದ ಉಸಿರುಗಟ್ಟಿಸುವ ವಾತಾವರಣವನ್ನು ಚೆನ್ನಾಗಿ ವಿವರಿಸುತ್ತದೆ. ರಹಸ್ಯ ಪೊಲೀಸ್ ದಳ ‘ವಾಲ್ಪೊ’ ಕಮ್ಯುನಿಸ್ಟರ ಕೈಯಲ್ಲಿದ್ದದ್ದು, ಅದರ ಹಿರಿಯ ಅಧಿಕಾರಿಯಾಗಿದ್ದ ಆಯ್ಮೊ ಆಲ್ತೊನೆನ್ ಪಕ್ಷದ ಅಧ್ಯಕ್ಷನೂ ಆಗಿದ್ದದ್ದು ಕಲ್ಪನೆಯಲ್ಲ. ಆದರೆ ಸಂಚಿನ ಯೋಜನೆಯೆಂದು ತೋರಿಸಬಹುದಾದ ಒಂದು ಕಾಗದವೂ ಹೊರಬಂದಿಲ್ಲ. ಜರ್ಮನಿಯ ಹೆರ್ಮನ್ ಬೇಯರ್-ಥೋಮಾ ಫಿನ್ಲೆಂಡಿನ ಎಡಪಕ್ಷಗಳ ಬಗ್ಗೆ ಮಾಡಿದ ದೀರ್ಘ ಅಧ್ಯಯನ ಈ ಕಥೆಯನ್ನು ಬಲವಾಗಿ ಪ್ರಶ್ನಿಸಿತು. ಅವರ ದೃಷ್ಟಿಯಲ್ಲಿ ಇದು ಕ್ರಾಂತಿಯ ಸೋಲಲ್ಲ, ಮೂರು ಪಕ್ಷಗಳ ಸಹಕಾರ ಮುರಿದುಬಿದ್ದ ಕಥೆ. ಕಮ್ಯುನಿಸ್ಟರು ಸಂಸದೀಯ ಹಾದಿಯನ್ನು ನಂಬಿದ್ದರು, ಆ ಹಾದಿಯಲ್ಲೇ ಸೋತರು.

ಮಾಸ್ಕೋ ಬೇಡವೆಂದಿತು ಎಂಬ ವಾದ

ಎರಡನೆಯ ಪಂಥ ಕಣ್ಣನ್ನು ಹೆಲ್ಸಿಂಕಿಯಿಂದ ಕ್ರೆಮ್ಲಿನ್ ಕಡೆಗೆ ತಿರುಗಿಸುತ್ತದೆ. ಸ್ಟಾಲಿನ್ ಬಯಸಿದ್ದರೆ ಫಿನ್ಲೆಂಡಿನ ಮತದಾರರು ಏನು ತಾನೆ ಮಾಡಬಹುದಿತ್ತು ಎಂಬುದು ಅದರ ನೇರ ಪ್ರಶ್ನೆ. ಯುಗೊಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಮಿಲೊವಾನ್ ಜಿಲಾಸ್ 1948ರ ಆರಂಭದಲ್ಲಿ ಮಾಸ್ಕೋದಲ್ಲಿ ಕೇಳಿದ ಮಾತುಗಳನ್ನು ನೆನಪಿಸಿಕೊಂಡಿದ್ದಾನೆ: ಫಿನ್ಲೆಂಡನ್ನು ವಶಪಡಿಸಿಕೊಳ್ಳದೆ ಬಿಟ್ಟದ್ದು ತಪ್ಪಾಯಿತೆಂದು ಸ್ಟಾಲಿನ್ ಹಳಹಳಿಸಿದನಂತೆ, ವಿದೇಶಾಂಗ ಸಚಿವ ಮೊಲೊಟೊವ್ ಅದೊಂದು ಕಡಲೆಕಾಯಿಯಷ್ಟರ ವಿಷಯವೆಂದನಂತೆ, ಪರಿಹಾರದ ಸರಕನ್ನು ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಕಳಿಸುವ ಫಿನ್ನರನ್ನು ಜ್ದಾನೊವ್ ಮೆಚ್ಚಿದನಂತೆ. ದಶಕಗಳ ನಂತರ ಮೊಲೊಟೊವ್ ತಾನೇ, ಆ ಹಟಮಾರಿ ಜನರನ್ನು ನುಂಗಲು ಹೋಗದಿದ್ದದ್ದು ಒಳ್ಳೆಯದಾಯಿತೆಂಬರ್ಥದಲ್ಲಿ ಮಾತನಾಡಿದ್ದಾನೆ. ಎರಡೂ ವರ್ಷಗಳ ಮೇಲೆ ಹೇಳಿದ ನೆನಪುಗಳು. ಅಷ್ಟೇ ತೂಕ ಅವಕ್ಕೆ.

ಈ ಪಂಥದವರು ಕೊಡುವ ಕಾರಣಗಳು ಹಲವು. ಫಿನ್ಲೆಂಡನ್ನು ತುಳಿದರೆ ತಟಸ್ಥ ಸ್ವೀಡನ್ ಪಶ್ಚಿಮದ ಕೂಟಕ್ಕೆ ಓಡುತ್ತದೆಂಬ ಲೆಕ್ಕ. ಲೆನಿನ್‌ಗ್ರಾಡಿನ ಭದ್ರತೆಗೆ ಬೇಕಾದದ್ದು 1944ರಲ್ಲೇ ಸಿಕ್ಕಿತ್ತೆಂಬುದು. 1948ರ ಜೂನ್‌ನಲ್ಲಿ ಬರ್ಲಿನ್ ದಿಗ್ಬಂಧನ, ಯುಗೊಸ್ಲಾವಿಯಾದ ನಾಯಕ ಟಿಟೊ ಜೊತೆಗಿನ ಬಿರುಕು ಎರಡೂ ಒಟ್ಟಿಗೆ ಬಂದು ಕ್ರೆಮ್ಲಿನ್ನಿನ ಗಮನ ಬೇರೆಡೆ ಹರಿದದ್ದು. ಸೋವಿಯತ್ ದಾಖಲೆಗಳು ಭಾಗಶಃ ತೆರೆದ ಮೇಲೆ ಕಿಮ್ಮೊ ರೆಂಟೋಲಾ ಬರೆದ ಕೃತಿಗಳು ಈ ದಿಕ್ಕಿನಲ್ಲಿ ಅತ್ಯಂತ ಸೂಕ್ಷ್ಮವಾದವು. ಮಾಸ್ಕೋದಲ್ಲಿ ಒಂದೇ ಸ್ಥಿರ ಯೋಜನೆ ಇರಲಿಲ್ಲ, ಅಲ್ಲಿನ ಧೋರಣೆ ತಿಂಗಳಿಂದ ತಿಂಗಳಿಗೆ ಬಿಗಿಯಾಗಿ ಸಡಿಲವಾಗುತ್ತಿತ್ತು, ಫಿನ್ನಿಶ್ ಕಮ್ಯುನಿಸ್ಟರು ಅದನ್ನು ಊಹಿಸುತ್ತ ಹೆಜ್ಜೆ ಹಾಕುತ್ತಿದ್ದರು ಎಂಬ ಚಿತ್ರ ಅವುಗಳಿಂದ ಮೂಡುತ್ತದೆ.

ಇದರಲ್ಲಿ ಸತ್ಯಾಂಶ ದೊಡ್ಡದು. ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ: ಎಲ್ಲವನ್ನೂ ಕ್ರೆಮ್ಲಿನ್ ನಿರ್ಧರಿಸಿತೆಂದರೆ, ಅದು ಯಾವ ಲೆಕ್ಕದ ಮೇಲೆ ನಿರ್ಧರಿಸಿತೆಂಬ ಪ್ರಶ್ನೆ ಉಳಿಯುತ್ತದೆ. ಆ ಲೆಕ್ಕದಲ್ಲಿ ಫಿನ್ನರೇ ಒಂದು ಅಂಕಿ. ಸುಲಭವಾಗಿ ಸಿಗುವುದಿಲ್ಲವೆಂದು ತೋರಿಸಿದ್ದರಿಂದಲೇ ಬೆಲೆ ಏರಿತ್ತು.

ಕಾರ್ಖಾನೆಯ ಬಾಗಿಲಲ್ಲಿ ನಡೆದ ಹೋರಾಟ

ಮೂರನೆಯ ಪಂಥ ಸೋಷಿಯಲ್ ಡೆಮಾಕ್ರಟರನ್ನು ನಡುವೆ ನಿಲ್ಲಿಸುತ್ತದೆ. ಪೂರ್ವ ಯುರೋಪಿನ ದೇಶಗಳಲ್ಲಿ ಸಮಾಜವಾದಿ ಪಕ್ಷಗಳು ಒಂದೊಂದಾಗಿ ಒಡೆದು ಕಮ್ಯುನಿಸ್ಟರಲ್ಲಿ ಲೀನವಾದವು. ಫಿನ್ಲೆಂಡಿನಲ್ಲಿ ಪಕ್ಷದ ಒಂದು ತುಂಡು ಲೀಗಿಗೆ ಹೋಯಿತು; ಪ್ರಧಾನಿ ಮೌನೊ ಪೆಕ್ಕಲಾ ಕೂಡ ಹಾಗೆ ಹೋದವರೇ. ಆದರೆ ಬುಡ ಉಳಿಯಿತು. ಅದನ್ನು ಉಳಿಸಿದವರು ಯುದ್ಧಭೂಮಿಯಿಂದ ಮರಳಿದ ಯುವಕರು. ವೈನೊ ಲೆಸ್ಕಿನೆನ್ ಪಕ್ಷದ ಕಾರ್ಯದರ್ಶಿಯಾದ ಮೇಲೆ, ‘ಸಾಕಿನ್ನು’ ಎಂಬ ಘೋಷಣೆಯೊಂದಿಗೆ ಅವರು ಕಾರ್ಮಿಕ ಸಂಘಗಳಲ್ಲಿ, ಕಾರ್ಖಾನೆಗಳಲ್ಲಿ, ಪುರಸಭೆಗಳಲ್ಲಿ ಕಮ್ಯುನಿಸ್ಟರೊಂದಿಗೆ ಒಂದೊಂದು ಮತಕ್ಕೂ ಸೆಣಸಿದರು. 1947ರ ಕೊನೆಯ ಪುರಸಭಾ ಚುನಾವಣೆಯಲ್ಲೇ ಲೀಗಿಗೆ ಹಿನ್ನಡೆಯಾಗಿತ್ತು, ಪ್ರಾಗ್ ಘಟನೆಗೂ ಮೊದಲು. ಮಿಕ್ಕೊ ಮಯಾಂದೆರ್ 2004ರ ತಮ್ಮ ಗ್ರಂಥದಲ್ಲಿ ಈ ಹೋರಾಟವನ್ನು ನಾರ್ಡಿಕ್ ಮಾದರಿಗೂ ಜನತಾ ಪ್ರಜಾಪ್ರಭುತ್ವಕ್ಕೂ ನಡುವಿನ ಆಯ್ಕೆಯಾಗಿ ಬಿಡಿಸಿಟ್ಟಿದ್ದಾರೆ.

ಅಂಕಿಗಳಿಗೆ ಹೆಚ್ಚು ಹೊಂದುವುದು ಈ ವಿವರಣೆ. ಸರ್ಕಾರದಲ್ಲಿ ಕುಳಿತಿದ್ದ ಲೀಗ್ ಬೆಲೆಯೇರಿಕೆಯ, ಪಡಿತರದ, ವಾಲ್ಪೊ ದೌರ್ಜನ್ಯದ ಹೊಣೆಯನ್ನೂ ಹೊರಬೇಕಾಯಿತು. ಹಳ್ಳಿಗಳಲ್ಲಿ 1945ರ ಭೂ ಕಾನೂನು ಕರೇಲಿಯಾದ ನಿರಾಶ್ರಿತರಿಗೂ ಯೋಧರಿಗೂ ಹೊಲ ಕೊಟ್ಟಿತ್ತು. ಸೋವಿಯತ್ ಸೇನೆಯಿಂದಾಗಿ ಮನೆ ಕಳೆದುಕೊಂಡು ಬಂದು ಹೊಸ ನೆಲದಲ್ಲಿ ಬೇರೂರುತ್ತಿದ್ದ ರೈತ ಕಮ್ಯುನಿಸ್ಟರತ್ತ ವಾಲುವುದು ಕಷ್ಟವೇ. ಕೃಷಿಕ ಲೀಗ್ ಏಳು ಸ್ಥಾನ ಹೆಚ್ಚಿಸಿಕೊಂಡಿತು. ಸ್ವೀಡನ್ನಿನ ಸೋದರ ಪಕ್ಷದಿಂದ ಬಂದ ಹಣ, ಅಮೆರಿಕದ ಆಸಕ್ತಿ ಇವೂ ಈ ಪಂಥದ ಚರ್ಚೆಯಲ್ಲಿ ಬರುತ್ತವೆ. ಆದರೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಸಹೋದ್ಯೋಗಿಯ ಮನವೊಲಿಸಿದವನನ್ನು ಹಣವೊಂದೇ ಅಲ್ಲಿ ನಿಲ್ಲಿಸಿರಲಾರದು.

ಎಣಿಸಿದವರು ಯಾರು?

ಈ ಮೂರೂ ಪಂಥಗಳು ಒಂದು ಸಂಗತಿಯನ್ನು ಗೃಹೀತವೆಂದುಕೊಳ್ಳುತ್ತವೆ: ಮತ ಎಣಿಕೆ ಪ್ರಾಮಾಣಿಕವಾಗಿತ್ತು. ನನಗೆ ಇಡೀ ಪ್ರಶ್ನೆಯ ಕೀಲು ಇಲ್ಲೇ ಇದೆ ಎನ್ನಿಸುತ್ತದೆ. 1947ರ ಆಗಸ್ಟ್‌ನಲ್ಲಿ ಹಂಗೆರಿಯಲ್ಲಿ ಊರಿನಲ್ಲಿಲ್ಲದ ಮತದಾರರಿಗೆಂದು ಕೊಡುವ ನೀಲಿ ಚೀಟಿಗಳನ್ನು ಹಿಡಿದು ಕಮ್ಯುನಿಸ್ಟ್ ಕಾರ್ಯಕರ್ತರು ಲಾರಿಗಳಲ್ಲಿ ಊರೂರು ಸುತ್ತಿ ಮತ್ತೆ ಮತ್ತೆ ಮತ ಹಾಕಿದರು. ಅಲ್ಲಿಯೂ ಒಳಾಡಳಿತ ಅವರದೇ ಕೈಯಲ್ಲಿತ್ತು. ಫಿನ್ಲೆಂಡಿನಲ್ಲೂ ಒಳಾಡಳಿತ ಮೂರು ವರ್ಷ ಕಮ್ಯುನಿಸ್ಟರದೇ. ಆದರೆ ಮತಪಟ್ಟಿ, ಮತಗಟ್ಟೆ, ಎಣಿಕೆ ಸ್ಥಳೀಯ ಸಂಸ್ಥೆಗಳು ನೇಮಿಸಿದ ಮಂಡಳಿಗಳ ಕೆಲಸವಾಗಿತ್ತು. ಆ ಸಂಸ್ಥೆಗಳಲ್ಲಿ ಎಲ್ಲ ಪಕ್ಷದವರೂ ಇದ್ದರು. ಸಾಮಾನ್ಯ ಪೊಲೀಸರಲ್ಲಿ, ಸೇನೆಯಲ್ಲಿ, ನ್ಯಾಯಾಲಯಗಳಲ್ಲಿ ಹಳೆಯ ಸಿಬ್ಬಂದಿಯೇ ಮುಂದುವರಿದಿತ್ತು. ಸಚಿವನೊಬ್ಬ ಕಾನೂನು ಮೀರಿದಾಗ ಸಂಸತ್ತು ಅವನನ್ನು ಮೂರು ವರ್ಷದ ಮೇಲಾದರೂ ಹಿಡಿಯಿತು. ಅದೂ ರಾಷ್ಟ್ರ ತನ್ನ ಯುದ್ಧಕಾಲದ ನಾಯಕರನ್ನು ಮಾಸ್ಕೋದ ಒತ್ತಾಯದಲ್ಲಿ ಜೈಲಿಗೆ ಕಳಿಸಿ ತಲೆತಗ್ಗಿಸಿದ್ದ ಕಾಲದಲ್ಲಿ.

ಆದ್ದರಿಂದ ಚುನಾವಣೆ ಫಿನ್ಲೆಂಡನ್ನು ಉಳಿಸಿತೆನ್ನುವ ಮಾತಿನಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ದೇಶವನ್ನು ಸೇನೆ ವಶಪಡಿಸಿಕೊಳ್ಳದ್ದರಿಂದ ಸಂಸ್ಥೆಗಳು ಉಳಿದವು; ಅವು ಉಳಿದದ್ದರಿಂದ ಚುನಾವಣೆ ಚುನಾವಣೆಯಾಗಿಯೇ ನಡೆಯಿತು. ಹಾಗೆಂದು ಜುಲೈ ಮತದಾನ ಬರಿಯ ನೆರಳಲ್ಲ. ಫಲಿತಾಂಶದ ನಂತರ ಲೀಗ್ ಮುಖ್ಯ ಖಾತೆಗಳಿಗೆ ಪಟ್ಟು ಹಿಡಿದಾಗ, 54 ಸದಸ್ಯರ ಸೋಷಿಯಲ್ ಡೆಮಾಕ್ರಟರು ಕಾರ್ಲ್-ಆಗಸ್ಟ್ ಫಾಗರ್‌ಹೋಮ್ ನಾಯಕತ್ವದಲ್ಲಿ ಅಲ್ಪಮತದ ಸರ್ಕಾರ ರಚಿಸುವ ಧೈರ್ಯ ಮಾಡಿದರು. ಸೋವಿಯತ್ ಪತ್ರಿಕೆಗಳು ಕೆಂಡ ಕಾರಿದರೂ ಆ ಸರ್ಕಾರ 1950ರ ಮಾರ್ಚ್‌ವರೆಗೆ ನಿಂತಿತು, ವಾಲ್ಪೊವನ್ನು ವಿಸರ್ಜಿಸಿತು. ಮತದಾರರ ಬೆಂಬಲವಿಲ್ಲದೆ ಆ ಧೈರ್ಯ ಬರುತ್ತಿರಲಿಲ್ಲ.

ಇನ್ನೂ ತೀರದ ಪ್ರಶ್ನೆಗಳು

ಲೆಯ್ನೊನ ಮನಸ್ಸಿನಲ್ಲಿ ಏನಿತ್ತು? ಅವನ ಆತ್ಮಕಥನ 1958ರಲ್ಲಿ ಅಚ್ಚಾಗಿ, ಅಂಗಡಿ ಸೇರುವ ಮೊದಲೇ ಸೋವಿಯತ್ ಒತ್ತಡದಿಂದ ತಡೆಹಿಡಿಯಲ್ಪಟ್ಟಿತು. ಓದುಗರಿಗೆ ಸಿಕ್ಕಿದ್ದು 1991ರಲ್ಲಿ, ಅವನು ಸತ್ತು ಮೂವತ್ತು ವರ್ಷಗಳಾದ ಮೇಲೆ. ಅವನಿಗೆ ನಿಜವಾದ ಸಂಚು ತಿಳಿದಿತ್ತೋ, ಪಕ್ಷದಲ್ಲಿ ನೆಲೆ ಕುಸಿಯುತ್ತಿದ್ದವನ ಆತಂಕವೋ, ಪುಸ್ತಕ ಓದಿದವರಲ್ಲೂ ಒಮ್ಮತವಿಲ್ಲ.

ಯುದ್ಧ ಪರಿಹಾರದ ಮನ್ನಾ ಲೀಗಿಗೆ ಎಷ್ಟು ಮತ ತಂದಿತು? ಅದಿಲ್ಲದಿದ್ದರೆ ಸೋಲು ಇನ್ನೂ ದೊಡ್ಡದಾಗುತ್ತಿತ್ತೇ, ಅಥವಾ ಮಾಸ್ಕೋದ ಉದಾರತೆಯೇ ಮತದಾರರಿಗೆ ಅದರ ಕೈವಾಡವನ್ನು ನೆನಪಿಸಿತೇ? ಆಗಿನ ಮತದಾರರ ಒಳಗನ್ನು ಈಗ ಬಗೆದು ನೋಡುವ ದಾರಿ ಕಿರಿದು.

ಎಲ್ಲಕ್ಕಿಂತ ಕಷ್ಟದ್ದು ಆಮೇಲಿನ ಕಥೆ. 1948 ತಿರಸ್ಕಾರವಾಗಿದ್ದರೆ ಲೀಗ್ ಕರಗಬೇಕಿತ್ತು. ಅದು 1951ರಲ್ಲಿ 43 ಸ್ಥಾನಕ್ಕೆ ಮರಳಿತು. 1958ರಲ್ಲಿ 50 ಸ್ಥಾನ ಗೆದ್ದು ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಸಮಾಜಶಾಸ್ತ್ರಜ್ಞ ಎರಿಕ್ ಅಲ್ಲಾರ್ಡ್ಟ್ ಇದನ್ನು ಎರಡಾಗಿ ನೋಡಿದರು: ನಗರದ ಹಳೆಯ ಕಾರ್ಮಿಕ ಕಮ್ಯುನಿಸಮ್ ಒಂದು, ಉತ್ತರ ಮತ್ತು ಪೂರ್ವದ ಕಾಡುಸೀಮೆಯ ಬಡ, ಬೇರುಕಿತ್ತ ಜನರ ಕಮ್ಯುನಿಸಮ್ ಇನ್ನೊಂದು. 1948ರಲ್ಲಿ ಲೀಗಿನಿಂದ ದೂರ ಹೋದವರು ಇವರಲ್ಲಿ ಯಾರು, ಮುಂದೆ ಮರಳಿದವರು ಅವರೇನಾ ಎಂಬುದು ಕ್ಷೇತ್ರವಾರು ಅಂಕಿಗಳಿಂದ ಪೂರ್ತಿ ಬಗೆಹರಿಯುವುದಿಲ್ಲ. ಅದೇ 1958ರಲ್ಲಿ ಫಾಗರ್‌ಹೋಮ್ ಮತ್ತೆ ಪ್ರಧಾನಿಯಾದಾಗ ಮಾಸ್ಕೋ ವ್ಯಾಪಾರ ನಿಲ್ಲಿಸಿ, ರಾಯಭಾರಿಯನ್ನು ಕರೆಸಿಕೊಂಡು, ಕೆಲವೇ ತಿಂಗಳಲ್ಲಿ ಆ ಸರ್ಕಾರ ಬೀಳುವಂತೆ ಮಾಡಿತು. ಹತ್ತು ವರ್ಷದ ಹಿಂದೆ ಅವರದೇ ಸರ್ಕಾರವನ್ನು ಬೈದು ಸುಮ್ಮನಾಗಿದ್ದ ಮಾಸ್ಕೋ ಈ ಬಾರಿ ಸುಮ್ಮನಿರಲಿಲ್ಲ ಏಕೆ? 1948ರ ಮತಪೆಟ್ಟಿಗೆ ಕೊಟ್ಟ ಸ್ವಾತಂತ್ರ್ಯ 1958ರ ಹೊತ್ತಿಗೆ ಎಷ್ಟು ಉಳಿದಿತ್ತು ಎಂಬುದರ ಬಗ್ಗೆ ಫಿನ್ಲೆಂಡಿನ ಇತಿಹಾಸಕಾರರು ಇಂದಿಗೂ ಎರಡು ಬಣ.